ಮನೆ ಬದಲಿಸಿದ ಪತ್ರಗಳು

ಹೊರನಾಡಿನಲ್ಲಿ ನೆಲೆಸಿದ ನಮ್ಮ ಹಿರಿಯರ ಮನೆಗಳಲ್ಲಿ ಹಳೆಯ ಪತ್ರಗಳಿಗೆ ಒಂದು ನಿಶ್ಚಿತ ಸ್ಥಳವಿರುತ್ತಿತ್ತು. ಬುಡದಲ್ಲಿ ಮರದ ಬಿಲ್ಲೆ, ತುದಿಯಲ್ಲಿ ಕೊಕ್ಕೆ ಇರುವ ಉದ್ದನೆಯ ತಂತಿಯೊಂದು ಗೋಡೆಯ ಮೊಳೆಯಿಂದ ನೇತಾಡುತ್ತಿತ್ತು. ಊರಿನಿಂದ ಬಂದ ಕಾರ್ಡು, ಇನ್‌ಲ್ಯಾಂಡ್ ಪತ್ರ, ಲಗ್ನಪತ್ರಿಕೆ ಎಲ್ಲವನ್ನೂ ಓದಿಯಾದ ಮೇಲೆ ಅದಕ್ಕೆ ಚುಚ್ಚಿ ಇಡುತ್ತಿದ್ದರು. ತಂತಿ ತುಂಬಿದಾಗ ಆ ಕಟ್ಟು ಟ್ರಂಕಿಗೆ ಸೇರುತ್ತಿತ್ತು. ಮಾಟುಂಗದಿಂದ ಡೊಂಬಿವಲಿಗೆ ಮನೆ ಬದಲಿಸಿದರೆ ಟ್ರಂಕೂ ಲಾರಿ ಏರುತ್ತಿತ್ತು. ಅರ್ಧ ಶತಮಾನದ ಹಿಂದೆ ಅಜ್ಜ ಬರೆದ ಕಾಗದವನ್ನು ಇಂದು ನಾವು ಓದಬಲ್ಲೆವಾದರೆ ಅದಕ್ಕೆ ಕಾರಣ ಆ ತಂತಿ ಮತ್ತು ಆ ಟ್ರಂಕು.

ಅದೇ ಮನೆಗಳಲ್ಲಿ 1990ರ ದಶಕದ ಕೊನೆಯ ಪತ್ರಗಳನ್ನು ಹುಡುಕಿದರೆ ಕೈಗೆ ಸಿಗುವುದು ಬಹಳ ಕಡಿಮೆ. ಆ ಹೊತ್ತಿಗೆ ಕಾಗದ ಬರೆಯುವುದು ನಿಲ್ಲುತ್ತ ಬಂದು ಮಿಂಚಂಚೆ ಮನೆಯೊಳಗೆ ಕಾಲಿಟ್ಟಿತ್ತು. ಮಗ ಅಮೆರಿಕೆಯಿಂದ ಬರೆದ ಮೊದಲ ಪತ್ರ, ಮೈಸೂರಿನ ಅಕ್ಕ ಅಪ್ಪನ ಆರೋಗ್ಯದ ಬಗ್ಗೆ ಬರೆದ ನಾಲ್ಕು ಸಾಲು, ಕನ್ನಡ ಸಂಘದ ನಾಟಕಕ್ಕಾಗಿ ನಡೆದ ಪತ್ರವ್ಯವಹಾರ, ಎಲ್ಲವೂ ಯಾವುದೋ ಕಂಪ್ಯೂಟರಿನೊಳಗೆ ಇದ್ದವು. 2004ರ ಬಳಿಕದ ಮಿಂಚಂಚೆಗಳು ಬಹುಮಟ್ಟಿಗೆ ಇಂದಿಗೂ ಫೋನಿನಲ್ಲೇ ತೆರೆದುಕೊಳ್ಳುತ್ತವೆ. ಅದಕ್ಕೆ ಹಿಂದಿನ ಹತ್ತು ವರ್ಷ ಮಾತ್ರ ನಮ್ಮ ಮನೆತನಗಳ ದಾಖಲೆಯಲ್ಲಿ ಹರಿದುಹೋದ ಹಾಳೆಯಂತಿದೆ.

ಏನಾದವು ಎಂದು ಕೇಳಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: ‘ಕಂಪ್ಯೂಟರ್ ಬದಲಿಸಿದಾಗ ಹೋದವು.’ ಉತ್ತರ ಸರಿಯೇ. ಆದರೆ ಎಲ್ಲರ ಪತ್ರಗಳೂ ಹೋಗಲಿಲ್ಲ, ಕೆಲವರದು ಉಳಿಯಿತು. ಹೊಸ ಯಂತ್ರಕ್ಕೋ ಹೊಸ ತಂತ್ರಾಂಶಕ್ಕೋ ಹೋಗುವುದೆಂದರೆ ಒಂದು ಬಗೆಯ ಮನೆ ಬದಲಾವಣೆ. ಅಲ್ಲಿ ಹೊತ್ತೊಯ್ಯಬೇಕಾದ ಸಾಮಾನು ಎರಡು ಬಗೆಯದು. ಒಂದು, ಸೆಟ್ಟಿಂಗುಗಳು: ನಾನು ಯಾರು, ನನ್ನ ಪತ್ರಗಳನ್ನು ಯಾವ ಅಂಚೆಮನೆಯಲ್ಲಿ ಕೇಳಬೇಕು, ಯಾವ ಬಾಗಿಲಿನಿಂದ ಕಳುಹಿಸಬೇಕು ಎಂಬ ವಿವರ. ಇನ್ನೊಂದು, ಕೂಡಿಟ್ಟ ಪತ್ರಗಳು. ಇವೆರಡನ್ನೂ ಎಲ್ಲಿ, ಯಾವ ರೂಪದಲ್ಲಿ ಇಡಲಾಗಿತ್ತು ಎಂಬುದೇ ಪತ್ರಗಳ ಅಳಿವು ಉಳಿವನ್ನು ನಿರ್ಧರಿಸಿತು. ಆ ಚರಿತ್ರೆಯನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡುವುದು ನಮ್ಮ ಉದ್ದೇಶ.

ಅಂಚೆಪೆಟ್ಟಿಗೆ ಒಂದು ಕಡತವಾಗಿದ್ದಾಗ

1971ರಲ್ಲಿ ಅಮೆರಿಕೆಯ ಬಿಬಿಎನ್ ಸಂಸ್ಥೆಯ ರೇ ಟಾಮ್ಲಿನ್ಸನ್ ಅವರು ಜಾಲದ ಮೂಲಕ ಒಂದು ಯಂತ್ರದಿಂದ ಮತ್ತೊಂದಕ್ಕೆ ಪತ್ರ ಕಳುಹಿಸುವ ವಿಧಾನವನ್ನು ರೂಪಿಸಿದರು. ಒಂದೇ ಯಂತ್ರವನ್ನು ಹಂಚಿಕೊಂಡು ಬಳಸುವವರ ನಡುವೆ ಸಂದೇಶ ಬಿಡುವ ಪ್ರೋಗ್ರಾಂ ಅದಕ್ಕೂ ಮೊದಲೇ ಇತ್ತು. ಕಡತಗಳನ್ನು ಯಂತ್ರದಿಂದ ಯಂತ್ರಕ್ಕೆ ಸಾಗಿಸುವ ಮತ್ತೊಂದು ಪ್ರೋಗ್ರಾಂ ಕೂಡ ಅವರ ಬಳಿಯಿತ್ತು. ಎರಡನ್ನೂ ಬೆಸೆದು, ವ್ಯಕ್ತಿಯ ಹೆಸರಿಗೂ ಯಂತ್ರದ ಹೆಸರಿಗೂ ನಡುವೆ ‘ಅಟ್’ ಗುರುತನ್ನು ಇಟ್ಟರು. ಇದು ಎಲ್ಲರೂ ಬಲ್ಲ ಕಥೆ. ನಮಗೆ ಇಲ್ಲಿ ಬೇಕಾದದ್ದು ಅಷ್ಟು ಪ್ರಸಿದ್ಧವಲ್ಲದ ಒಂದು ಅಂಶ. ಅಂದಿನ ಅಂಚೆಪೆಟ್ಟಿಗೆ ಎಂಬುದು ಒಂದು ಸಾಮಾನ್ಯ ಕಡತವಷ್ಟೇ ಆಗಿತ್ತು. ಅದರ ವೈಶಿಷ್ಟ್ಯ ಒಂದೇ: ಬೇರೆಯವರು ಅದರ ಕೊನೆಗೆ ಬರಹವನ್ನು ಸೇರಿಸಬಹುದಿತ್ತು, ಒಳಗಿರುವುದನ್ನು ಓದಲು ಅಥವಾ ಅಳಿಸಿ ಬರೆಯಲು ಬರುತ್ತಿರಲಿಲ್ಲ. ಗೋಡೆಯ ತಂತಿಗೆ ಪತ್ರ ಪೋಣಿಸಿದಂತೆ ಹೊಸ ಪತ್ರ ಹಳೆಯದರ ಹಿಂದೆ ಸೇರುತ್ತಿತ್ತು.

ಪೋಣಿಸಿದ ಪತ್ರಗಳಲ್ಲಿ ಬೇಕಾದದ್ದನ್ನು ಆರಿಸುವ ಸೌಕರ್ಯ ಮೊದಲು ಇರಲಿಲ್ಲ. 1972ರಲ್ಲಿ ಲಾರೆನ್ಸ್ ರಾಬರ್ಟ್ಸ್ ಅವರು ‘ಆರ್‌ಡಿ’ ಎಂಬ ಪುಟ್ಟ ಪ್ರೋಗ್ರಾಂ ಬರೆದು ಪತ್ರಗಳ ಪಟ್ಟಿ ನೋಡುವುದು, ಒಂದನ್ನು ಆರಿಸಿ ಓದುವುದು, ಉಳಿಸುವುದು, ಅಳಿಸುವುದು ಸಾಧ್ಯವಾಗುವಂತೆ ಮಾಡಿದರು. ಪತ್ರವನ್ನು ‘ಉಳಿಸಿಕೊಳ್ಳುವುದು’ ಓದುಗನ ಆಯ್ಕೆಯಾದದ್ದು ಇಲ್ಲಿಂದ ಎನ್ನಬಹುದು.

ಯುನಿಕ್ಸ್ ವ್ಯವಸ್ಥೆಯಲ್ಲಿ ಇದೇ ರೂಢಿ ನೆಲೆಗೊಂಡಿತು. ಓದಿಯಾದ ಪತ್ರಗಳು ಬಳಕೆದಾರನ ಸ್ವಂತ ಕೋಶದಲ್ಲಿದ್ದ ‘ಎಂಬಾಕ್ಸ್’ ಎಂಬ ಕಡತಕ್ಕೆ ಸೇರುತ್ತಿದ್ದವು. ಮುಂದೆ ಆ ರೂಪಕ್ಕೇ ಆ ಹೆಸರು ನಿಂತಿತು. ಒಂದು ಪತ್ರ ಮುಗಿದು ಇನ್ನೊಂದು ಆರಂಭವಾಯಿತೆಂದು ತಿಳಿಯುವುದು ಹೇಗೆ? ಸಾಲಿನ ಮೊದಲಲ್ಲಿ ಇಂಗ್ಲಿಷಿನ ‘ಫ್ರಮ್’ ಎಂಬ ಪದವೂ ಅದರ ಮುಂದೆ ಒಂದು ತೆರಪೂ ಬಂದರೆ ಅದು ಹೊಸ ಪತ್ರದ ಆರಂಭ. ಪತ್ರದ ಒಡಲಲ್ಲೇ ಯಾರಾದರೂ ಆ ಪದದಿಂದ ಸಾಲು ಆರಂಭಿಸಿದರೆ ಗೊಂದಲವಾದೀತೆಂದು ಅದರ ಹಿಂದೆ ಬಾಣದ ಮೊನೆಯಂಥ ಒಂದು ಗುರುತನ್ನು ಯಂತ್ರವೇ ಹಾಕುತ್ತಿತ್ತು. ಹಲವು ಮನೆ ಬದಲಿಸಿದ ಹಳೆಯ ಪತ್ರಗಳಲ್ಲಿ ಆ ಗುರುತು ಇಂದಿಗೂ ಗಾಯದ ಕಲೆಯಂತೆ ಉಳಿದಿದೆ. ಪತ್ರ ಬರೆದವನು ಅದನ್ನು ಹಾಕಿರಲಿಲ್ಲ.

ಈ ಕಲೆಯನ್ನು ಬಿಟ್ಟರೆ ಎಂಬಾಕ್ಸ್ ರೂಪದ ಗುಣ ದೊಡ್ಡದು. ಅದು ಬರಿಯ ಪಠ್ಯ. ಯಾವ ಯಂತ್ರದಲ್ಲಾದರೂ, ಯಾವ ಪಠ್ಯ ತಿದ್ದುವ ಪ್ರೋಗ್ರಾಮಿನಲ್ಲಾದರೂ ತೆರೆದು ಓದಬಹುದು. ಹೊಸ ಯಂತ್ರಕ್ಕೆ ಹೋಗುವುದೆಂದರೆ ಒಂದು ಕಡತವನ್ನು ನಕಲು ಮಾಡುವುದು, ಅಷ್ಟೇ. ಸೆಟ್ಟಿಂಗುಗಳ ತೊಡಕು ಇನ್ನೂ ಹುಟ್ಟಿಯೇ ಇರಲಿಲ್ಲ. ಯಂತ್ರಕ್ಕೆ ಪ್ರವೇಶಿಸಿದವನಿಗೆ ಅಂಚೆಮನೆ ಆ ಯಂತ್ರದೊಳಗೇ ಇತ್ತು.

ಪತ್ರ ಮನೆಗೆ ಬಂದಾಗ

1980ರ ದಶಕದಲ್ಲಿ ಸ್ವಂತ ಬಳಕೆಯ ಕಂಪ್ಯೂಟರುಗಳು ಬಂದವು. ಇವು ಹಗಲಿರುಳೂ ಚಾಲೂ ಇರುವ ಯಂತ್ರಗಳಲ್ಲ. ಪತ್ರ ಬಂದಾಗ ಬಾಗಿಲು ಮುಚ್ಚಿರುವ ಸಂಭವವೇ ಹೆಚ್ಚು. ಆದ್ದರಿಂದ ಪತ್ರವನ್ನು ದೂರದ ಸರ್ವರ್ ಹಿಡಿದಿಟ್ಟುಕೊಂಡು, ಮನೆಯ ಯಂತ್ರ ಕೇಳಿದಾಗ ಒಪ್ಪಿಸುವ ಒಂದು ಒಪ್ಪಂದ ಬೇಕಾಯಿತು. ಅದೇ 1984ರ ಅಕ್ಟೋಬರಿನಲ್ಲಿ ಪ್ರಕಟವಾದ ‘ಪಾಪ್’. ಅಂಚೆ ಕಚೇರಿಯಲ್ಲಿ ಪೆಟ್ಟಿಗೆ ಸಂಖ್ಯೆ ಪಡೆದು, ಬೀಗದಕೈ ಹಿಡಿದು ಹೋಗಿ ಪತ್ರ ತೆಗೆದುಕೊಂಡು ಬರುವ ಪದ್ಧತಿಯೇ ಇದು. ತೆಗೆದುಕೊಂಡ ಮೇಲೆ ಪೆಟ್ಟಿಗೆ ಖಾಲಿ. ಆ ಪತ್ರದ ಏಕೈಕ ಪ್ರತಿ ಇನ್ನು ಮನೆಯಲ್ಲಿ ಮಾತ್ರ.

ಸೆಟ್ಟಿಂಗುಗಳು ಹುಟ್ಟಿದ್ದು ಇಲ್ಲಿಯೇ. ಬರುವ ಪತ್ರದ ಸರ್ವರ್ ಒಂದು, ಹೋಗುವ ಪತ್ರದ ಸರ್ವರ್ ಇನ್ನೊಂದು. ಒಂದಕ್ಕೆ 110ನೆಯ ದ್ವಾರ, ಮತ್ತೊಂದಕ್ಕೆ 25ನೆಯ ದ್ವಾರ. ಹೆಸರು, ಗುಪ್ತಪದ, ‘ಸರ್ವರಿನಲ್ಲಿ ಒಂದು ಪ್ರತಿ ಬಿಡಬೇಕೇ’ ಎಂಬ ಪ್ರಶ್ನೆ. ಈ ಕೊನೆಯ ಪ್ರಶ್ನೆಯ ಮಹತ್ವ ಅಂದು ಬಹಳ ಜನಕ್ಕೆ ಹೊಳೆಯಲಿಲ್ಲ. ಬಿಡಬೇಡ ಎಂದವರೆಲ್ಲ ತಮ್ಮ ಪತ್ರಗಳನ್ನು ಒಂದೇ ಒಂದು ಹಾರ್ಡ್ ಡಿಸ್ಕಿನ ಆಯುಷ್ಯಕ್ಕೆ ಕಟ್ಟಿಹಾಕಿದಂತಾಯಿತು.

1988ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಸ್ಟೀವ್ ಡಾರ್ನರ್ ಅವರು ‘ಯುಡೋರಾ’ ಎಂಬ ಮಿಂಚಂಚೆ ತಂತ್ರಾಂಶ ಬರೆದರು. ಅಂಚೆ ಕಚೇರಿಯಲ್ಲಿ ಬದುಕುವ ಪಾತ್ರವೊಂದರ ಕಥೆ ಬರೆದ ಲೇಖಕಿ ಯುಡೋರಾ ವೆಲ್ಟಿ ಅವರ ನೆನಪಿನಲ್ಲಿ ಇಟ್ಟ ಹೆಸರದು. ಸಾಹಿತ್ಯಾಸಕ್ತರಾದ ನಮಗೆ ಈ ಸಂಗತಿ ಖುಷಿ ಕೊಡುತ್ತದೆ. ಯುಡೋರಾ ಪತ್ರಗಳನ್ನು ಎಂಬಾಕ್ಸ್‌ಗೆ ಹತ್ತಿರವಾದ ಪಠ್ಯ ರೂಪದಲ್ಲೇ ಇಡುತ್ತಿತ್ತು. ಆದರೆ ಪತ್ರದ ಜೊತೆ ಬಂದ ಚಿತ್ರವನ್ನೋ ಕಡತವನ್ನೋ ಬೇರ್ಪಡಿಸಿ ಇನ್ನೊಂದು ಕೋಶದಲ್ಲಿ ಇಟ್ಟು, ಪತ್ರದಲ್ಲಿ ‘ಲಗತ್ತು ಇಂಥ ಕಡೆ ಇದೆ’ ಎಂಬ ಒಂದು ಸಾಲನ್ನು ಮಾತ್ರ ಉಳಿಸುತ್ತಿತ್ತು. ಹೊಸ ಕಂಪ್ಯೂಟರಿಗೆ ಪತ್ರಗಳನ್ನಷ್ಟೇ ಒಯ್ದವರ ಪಾಲಿಗೆ ಆ ಸಾಲು ಖಾಲಿ ನಿವೇಶನದ ವಿಳಾಸವಾಯಿತು. ಮೊಮ್ಮಗುವಿನ ಮೊದಲ ಭಾವಚಿತ್ರ ಇಂಥಲ್ಲಿ ಇದೆ ಎಂದು ಪತ್ರ ಇಂದಿಗೂ ಹೇಳುತ್ತದೆ. ಅಲ್ಲಿ ಏನೂ ಇಲ್ಲ.

ವಿಳಾಸದಲ್ಲಿದ್ದ ಊರು

ನಮ್ಮ ದೇಶದಲ್ಲಿ ಮಿಂಚಂಚೆ ಮೊದಲು ಬಂದದ್ದು ವಿದ್ಯಾಸಂಸ್ಥೆಗಳಿಗೆ. 1986ರಲ್ಲಿ ಆರಂಭವಾದ ಎರ್ನೆಟ್ ಯೋಜನೆ ಮುಂಬಯಿಯ ಎನ್‌ಸಿಎಸ್‌ಟಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐಐಟಿಗಳು ಮುಂತಾದವನ್ನು ಜೋಡಿಸಿತು. ಸಾಮಾನ್ಯ ಜನರಿಗೆ ಬಾಗಿಲು ತೆರೆದದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮ ಅಂತರ್ಜಾಲ ಸೇವೆ ಆರಂಭಿಸಿದಾಗ. ಮುಂಬಯಿ, ದೆಹಲಿ, ಕಲಕತ್ತೆ, ಮದರಾಸುಗಳಲ್ಲಿ ದೂರವಾಣಿ ತಂತಿಗೆ ಮೋಡೆಮ್ ಸಿಕ್ಕಿಸಿಕೊಂಡು, ಅದರ ಕಿರುಚಾಟ ಮುಗಿಯುವವರೆಗೆ ಕಾಯುತ್ತಿದ್ದ ಆ ದಿನಗಳನ್ನು ನಮ್ಮಲ್ಲಿ ಅನೇಕರು ಮರೆತಿಲ್ಲ.

ಆರಂಭದ ಅಗ್ಗದ ಖಾತೆಗಳು ‘ಶೆಲ್’ ಖಾತೆಗಳು. ಚಿತ್ರವಿಲ್ಲ, ಇಲಿಯಿಲ್ಲ, ಕಪ್ಪು ಪರದೆಯ ಮೇಲೆ ಅಕ್ಷರ ಮಾತ್ರ. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ‘ಪೈನ್’ ಪ್ರೋಗ್ರಾಮಿನಲ್ಲಿ ಪತ್ರ ಓದಿ ಅಲ್ಲೇ ಉತ್ತರಿಸುವುದು. ಪತ್ರಗಳು ನಿಗಮದ ಯಂತ್ರದಲ್ಲೇ ಇರುತ್ತಿದ್ದವು. ಖಾತೆಯ ಅವಧಿ ಮುಗಿಯುವ ಮೊದಲು ಅವನ್ನು ಇಳಿಸಿಕೊಳ್ಳದಿದ್ದವರಿಗೆ ಅವು ಉಳಿಯಲಿಲ್ಲ.

ಆ ವಿಳಾಸಗಳಲ್ಲಿ ಊರಿನ ಗುರುತೂ ಅಡಕವಾಗಿತ್ತು. ಮುಂಬಯಿಯ ಖಾತೆಗೆ ‘ಬಿಎಂ’, ದೆಹಲಿಗೆ ‘ಡಿಎಲ್’, ಮದರಾಸಿಗೆ ‘ಎಂಡಿ’, ಪುಣೆಗೆ ‘ಪಿಎನ್’, ಬೆಂಗಳೂರಿಗೆ ‘ಬಿಜಿ’. ಬ್ಯಾಂಕಿನವರಿಗೂ ಕೇಂದ್ರ ಸರ್ಕಾರದ ನೌಕರರಿಗೂ ವರ್ಗಾವಣೆ ತಪ್ಪಿದ್ದಲ್ಲ. ಮುಂಬಯಿ ಬಿಟ್ಟು ಚೆನ್ನೈಗೆ ಹೋದವನ ಮಿಂಚಂಚೆ ವಿಳಾಸ ಹಳೆಯ ಊರಿನ ಹೆಸರು ಹೊತ್ತೇ ಇರುತ್ತಿತ್ತು. ಹೊಸ ಊರಿನಲ್ಲಿ ಹೊಸ ಖಾತೆ ಮಾಡಿಸಿದರೆ ಹಳೆಯದಕ್ಕೆ ಬರೆದವರ ಪತ್ರ ತಲುಪುತ್ತಿರಲಿಲ್ಲ. ಕಾಗದದ ಪತ್ರವನ್ನಾದರೆ ಅಂಚೆಯವನು ಹಳೆಯ ವಿಳಾಸ ಹೊಡೆದುಹಾಕಿ ಹೊಸತನ್ನು ಬರೆದು ಕಳುಹಿಸುತ್ತಿದ್ದ. ಇಲ್ಲಿ ಆ ಉಪಕಾರಿ ಇರಲಿಲ್ಲ.

ಊರಿನ ಹಂಗಿಲ್ಲದ ವಿಳಾಸವನ್ನು ಕೊಟ್ಟದ್ದು 1996ರ ಜುಲೈ 4ರಂದು ಬಂದ ಹಾಟ್‌ಮೇಲ್. ಜ್ಯಾಕ್ ಸ್ಮಿತ್ ಅವರೊಡನೆ ಅದನ್ನು ಕಟ್ಟಿದ ಸಬೀರ್ ಭಾಟಿಯಾ ಬಾಲ್ಯದ ಹಲವು ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದವರು. ಸೈಬರ್ ಕೆಫೆಯಲ್ಲಿ ಕುಳಿತು ಯಾವ ಊರಿನಿಂದಲಾದರೂ ಪತ್ರ ಓದಬಹುದಾಯಿತು. ಆದರೆ ಮೊದಲು ಸಿಕ್ಕ ಜಾಗ ಕೇವಲ 2 ಮೆಗಾಬೈಟ್. ಹೊಸ ಪತ್ರಕ್ಕೆ ಜಾಗ ಮಾಡಲು ಹಳೆಯದನ್ನು ಅಳಿಸುವುದು ನಿತ್ಯದ ಕೆಲಸವಾಗಿತ್ತು. ಹೀಗೆ ನಮ್ಮ ಕೈಯಾರೆ ಅಳಿಸಿದ ಪತ್ರಗಳ ಲೆಕ್ಕ ಇಟ್ಟವರು ಯಾರು?

ಫಾರ್ಮ್ಯಾಟ್ ಎಂಬ ಪ್ರಳಯ

ಮನೆಗೆ ಸ್ವಂತ ಕಂಪ್ಯೂಟರ್ ತಂದವರಲ್ಲಿ ಬಹಳ ಮಂದಿ ಬಳಸಿದ್ದು ಔಟ್‌ಲುಕ್ ಎಕ್ಸ್‌ಪ್ರೆಸ್. 1997ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ಜೊತೆಗೆ ಪುಕ್ಕಟೆಯಾಗಿ ಬಂದ ತಂತ್ರಾಂಶ, ಬಳಸಲು ಸುಲಭ. ಅದರ ತೊಡಕು ಒಳಮನೆಯಲ್ಲಿತ್ತು. 1999ರ ಐದನೆಯ ಆವೃತ್ತಿಯಿಂದ ಅದು ಪತ್ರಗಳನ್ನು ‘ಡಿಬಿಎಕ್ಸ್’ ಎಂಬ ತನ್ನದೇ ರೂಪದ ಕಡತಗಳಲ್ಲಿ ಇಡತೊಡಗಿತು. ವಿಂಡೋಸ್ ಎಕ್ಸ್‌ಪಿಯಲ್ಲಿ ಆ ಕಡತಗಳಿದ್ದದ್ದು ಮಾಮೂಲಿಗೆ ಕಣ್ಣಿಗೆ ಬೀಳದ ಅಡಗಿಸಿಟ್ಟ ಕೋಶದಲ್ಲಿ, ಅರ್ಥವಿಲ್ಲದ ಉದ್ದನೆಯ ಅಂಕಿ ಅಕ್ಷರಗಳ ಹೆಸರಿನ ಉಪಕೋಶದೊಳಗೆ. ಸೆಟ್ಟಿಂಗುಗಳಿದ್ದದ್ದು ಇನ್ನೊಂದೆಡೆ, ವಿಂಡೋಸಿನ ರಿಜಿಸ್ಟ್ರಿಯಲ್ಲಿ. ವಿಳಾಸ ಪುಸ್ತಕ ಮೂರನೆಯ ಕಡೆ. ಒಂದೇ ಸಂಸಾರದ ಸಾಮಾನು ಮೂರು ಕೋಣೆಗಳಲ್ಲಿ, ಅದರಲ್ಲೊಂದು ನೆಲಮಾಳಿಗೆ.

ಅಂದಿನ ಕಂಪ್ಯೂಟರ್ ರೂಢಿಯನ್ನು ಇದಕ್ಕೆ ಜೋಡಿಸಿ ನೋಡಬೇಕು. ಬಿಡಿಭಾಗ ಜೋಡಿಸಿ ಮಾಡಿದ ಯಂತ್ರ, ವೈರಸ್ಸಿನ ಕಾಟ, ವರ್ಷಕ್ಕೊಮ್ಮೆಯಾದರೂ ‘ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕುವುದು’. ರಿಪೇರಿಗೆ ಬಂದ ಹುಡುಗ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ‘ಸಿ ಡ್ರೈವಿನಲ್ಲಿ ಏನಾದರೂ ಇದೆಯಾ ಸರ್?’ ಮನೆಯವರು ‘ಮೈ ಡಾಕ್ಯುಮೆಂಟ್ಸ್’ ತೆರೆದು, ಒಂದೆರಡು ಕಾಗದಪತ್ರ, ನಾಲ್ಕು ಫೋಟೋಗಳನ್ನು ಡಿ ಡ್ರೈವಿಗೆ ನಕಲು ಮಾಡಿ ‘ಏನೂ ಇಲ್ಲಪ್ಪ, ಮಾಡು’ ಎನ್ನುತ್ತಿದ್ದರು. ಐದು ವರ್ಷದ ಪತ್ರಗಳು ಅದೇ ಸಿ ಡ್ರೈವಿನ ನೆಲಮಾಳಿಗೆಯಲ್ಲಿವೆ ಎಂಬುದು ಇಬ್ಬರಿಗೂ ತಿಳಿದಿರುತ್ತಿರಲಿಲ್ಲ. ಪಾಪ್ ಪದ್ಧತಿಯಂತೆ ಸರ್ವರಿನಲ್ಲಿ ಪ್ರತಿ ಉಳಿದಿರಲಿಲ್ಲ. ಅರ್ಧ ಗಂಟೆಯಲ್ಲಿ ಎಲ್ಲವೂ ಮುಗಿಯುತ್ತಿತ್ತು. ಔಟ್‌ಲುಕ್ ಎಕ್ಸ್‌ಪ್ರೆಸ್ ಹೊಸದಾಗಿ ತೆರೆದಾಗ ಅದು ಸ್ವಾಗತ ಪತ್ರವೊಂದನ್ನು ತೋರಿಸುತ್ತಿತ್ತು. ನಷ್ಟದ ಅರಿವಾಗುತ್ತಿದ್ದದ್ದು ಆಗ.

ಮುಂದಾಲೋಚನೆಯಿಂದ ಆ ಕಡತಗಳನ್ನು ಹುಡುಕಿ ಸಿಡಿಗೆ ಬರೆದಿಟ್ಟವರಿಗೂ ಒಂದು ಪರೀಕ್ಷೆ ಕಾದಿತ್ತು. ಸಿಡಿಯಿಂದ ಮರಳಿ ನಕಲು ಮಾಡಿದ ಕಡತಗಳು ‘ಓದಲು ಮಾತ್ರ’ ಎಂಬ ಗುರುತನ್ನು ಹೊತ್ತು ಬರುತ್ತಿದ್ದವು. ಆ ಗುರುತನ್ನು ತೆಗೆಯುವವರೆಗೆ ತಂತ್ರಾಂಶ ಅವನ್ನು ತೆರೆಯುತ್ತಿರಲಿಲ್ಲ. ಕಡತ ಹಾಳಾಗಿದೆ ಎಂದು ತಿಳಿದು ಸಿಡಿಯನ್ನೇ ಎಸೆದವರೂ ಉಂಟು. ಒಂದು ಗುರುತು ತೆಗೆದಿದ್ದರೆ ಸಾಕಿತ್ತು.

ಕಚೇರಿಗಳಲ್ಲಿ ಬಳಕೆಯಾಗುತ್ತಿದ್ದ ಹಿರಿಯಣ್ಣ ಔಟ್‌ಲುಕ್ ಪತ್ರ, ಪಂಚಾಂಗ, ವಿಳಾಸಗಳನ್ನೆಲ್ಲ ‘ಪಿಎಸ್‌ಟಿ’ ಎಂಬ ಒಂದೇ ಕಡತದಲ್ಲಿ ಇಡುತ್ತಿತ್ತು. ಸಾಗಿಸಲು ಇದು ಅನುಕೂಲ. ಆದರೆ 2003ಕ್ಕೆ ಹಿಂದಿನ ಆವೃತ್ತಿಗಳಲ್ಲಿ ಅದರ ಮಿತಿ 2 ಗಿಗಾಬೈಟ್. ಮಿತಿ ದಾಟಿದ ಕಡತ ತೆರೆಯುತ್ತಲೇ ಇರಲಿಲ್ಲ. ಅದಕ್ಕೆ ಪರಿಹಾರವಾಗಿ ಬಂದ ಉಪಕರಣ ಕಡತದ ಬಾಲವನ್ನು ಕತ್ತರಿಸಿ ಉಳಿದದ್ದನ್ನು ತೆರೆಯುವಂತೆ ಮಾಡುತ್ತಿತ್ತು. ಕತ್ತರಿಸಿದ್ದರಲ್ಲಿ ಏನಿತ್ತೋ ಅದು ಹೋದಂತೆಯೇ.

2007ರಲ್ಲಿ ವಿಂಡೋಸ್ ವಿಸ್ತಾ ಬಂದಾಗ ಔಟ್‌ಲುಕ್ ಎಕ್ಸ್‌ಪ್ರೆಸ್ ನಿವೃತ್ತವಾಯಿತು. 2009ರ ವಿಂಡೋಸ್ 7ರಲ್ಲಿ ಮಿಂಚಂಚೆ ತಂತ್ರಾಂಶವೇ ಇರಲಿಲ್ಲ. ಬೇಕಾದವರು ಬೇರೆಯಾಗಿ ಇಳಿಸಿಕೊಳ್ಳಬೇಕಾಯಿತು. ಡಿಬಿಎಕ್ಸ್ ಕಡತಗಳನ್ನು ಕಾಪಾಡಿಕೊಂಡಿದ್ದವರ ಕೈಯಲ್ಲಿ ಈಗ ಬೀಗವಿತ್ತು, ಬೀಗದಕೈ ಇರಲಿಲ್ಲ. ಹೊರಗಿನ ಪ್ರೋಗ್ರಾಮರುಗಳು ಆ ರೂಪವನ್ನು ಬಿಡಿಸಿ ನೋಡಿ ಪರಿವರ್ತಕಗಳನ್ನು ಬರೆದದ್ದರಿಂದ ಅನೇಕರ ಪತ್ರಗಳು ಬದುಕಿಕೊಂಡವು. ಪಿಎಸ್‌ಟಿಯ ಒಳರಚನೆಯನ್ನು ಮೈಕ್ರೋಸಾಫ್ಟ್ ಸಂಸ್ಥೆಯೇ 2010ರಲ್ಲಿ ಪ್ರಕಟಿಸಿತು. ಅದೊಂದು ಒಳ್ಳೆಯ ಹೆಜ್ಜೆ.

ಒಂದೇ ಕೋಶದ ಸಂಸಾರ

ಈ ನಡುವೆ ಇನ್ನೊಂದು ಧಾರೆ ತನ್ನ ಪಾಡಿಗೆ ಹರಿಯುತ್ತಿತ್ತು. ನೆಟ್‌ಸ್ಕೇಪ್ ತನ್ನ ಮಿಂಚಂಚೆ ವಿಭಾಗದಲ್ಲಿ ಎಂಬಾಕ್ಸ್ ರೂಪವನ್ನೇ ಬಳಸಿತು. ಅದರ ವಾರಸುದಾರನಾಗಿ 2004ರ ಡಿಸೆಂಬರಿನಲ್ಲಿ ಥಂಡರ್‌ಬರ್ಡ್ ಮೊದಲ ಆವೃತ್ತಿ ಹೊರಬಂತು. ಇಲ್ಲಿ ಸೆಟ್ಟಿಂಗುಗಳು, ಪತ್ರಗಳು, ವಿಳಾಸ ಪುಸ್ತಕ, ಗುಪ್ತಪದಗಳು ಎಲ್ಲವೂ ‘ಪ್ರೊಫೈಲ್’ ಎಂಬ ಒಂದೇ ಕೋಶದಲ್ಲಿ ವಾಸ. ಆ ಕೋಶವನ್ನು ಇಡಿಯಾಗಿ ಹೊಸ ಯಂತ್ರಕ್ಕೆ ಒಯ್ದರೆ ಸಂಸಾರ ಪೂರ್ತಿ ಬಂದಂತೆ. ವಿಂಡೋಸಿನಿಂದ ಲಿನಕ್ಸಿಗೂ ಒಯ್ಯಬಹುದು. ಪ್ರತಿ ಪತ್ರಕೋಶಕ್ಕೂ ಒಂದು ಸೂಚಿಯ ಕಡತ ಜೊತೆಗಿರುತ್ತದೆ. ಅದು ಹಾಳಾದರೂ ಚಿಂತೆಯಿಲ್ಲ, ಅಳಿಸಿದರೆ ಮೂಲದಿಂದ ಮತ್ತೆ ಹುಟ್ಟುತ್ತದೆ.

ಇಲ್ಲಿಯೂ ತೊಡಕುಗಳಿಲ್ಲದಿಲ್ಲ. 2019ರ ಆವೃತ್ತಿಯಿಂದ ಪ್ರತಿ ಅನುಸ್ಥಾಪನೆಗೂ ಬೇರೆ ಬೇರೆ ಪ್ರೊಫೈಲ್ ಎಂಬ ನಿಯಮ ಬಂತು. ಹೊಸ ಆವೃತ್ತಿಯನ್ನು ಬೇರೊಂದು ಸ್ಥಳದಲ್ಲಿ ಹಾಕಿಕೊಂಡವರು ಖಾಲಿ ಪರದೆ ಕಂಡು ಎಲ್ಲ ಪತ್ರಗಳೂ ಹೋದವೆಂದು ಗಾಬರಿಯಾದರು. ಪತ್ರಗಳು ಎಲ್ಲಿಗೂ ಹೋಗಿರಲಿಲ್ಲ; ಹಳೆಯ ಕೋಶ ಪಕ್ಕದಲ್ಲೇ ಇತ್ತು, ಹೊಸ ತಂತ್ರಾಂಶ ಅದರತ್ತ ನೋಡುತ್ತಿರಲಿಲ್ಲ ಅಷ್ಟೇ. ಯಾವ ಪ್ರೊಫೈಲ್ ಬೇಕೆಂದು ತೋರಿಸಿಕೊಟ್ಟರೆ ಎಲ್ಲವೂ ಮರಳುತ್ತಿತ್ತು. ಖಾಲಿ ಪರದೆ ಕಂಡ ಮಾತ್ರಕ್ಕೆ ಅಳಿಸುವ, ಮತ್ತೆ ಹಾಕುವ ಅವಸರಕ್ಕೆ ಬೀಳಬಾರದೆಂಬ ಪಾಠ ಇದರಲ್ಲಿದೆ.

ಎರಡನೆಯ ಹೊಸಿಲು

ಇಷ್ಟು ದಾಟಿ ಬಂದ ಪತ್ರಕ್ಕೂ, ಅದು ಕನ್ನಡದ ಪತ್ರವಾಗಿದ್ದರೆ, ಇನ್ನೊಂದು ಹೊಸಿಲು ದಾಟುವುದಿತ್ತು.

ಮಿಂಚಂಚೆಯ ಮೂಲ ನಿಯಮಗಳು ರೂಪುಗೊಂಡದ್ದು ಇಂಗ್ಲಿಷಿನ ಅಕ್ಷರಗಳಿಗಾಗಿ. 1982ರಲ್ಲಿ ಪ್ರಕಟವಾದ ನಿಯಮಾವಳಿಯಂತೆ ಒಂದು ಅಕ್ಷರಕ್ಕೆ ಏಳು ಬಿಟ್ ಮಾತ್ರ, ಒಟ್ಟು 128 ಸಂಕೇತ. ಬೇರೆ ಭಾಷೆಗಳ ಬರಹವನ್ನೂ ಚಿತ್ರಗಳನ್ನೂ ಆ ಕಿರಿದಾದ ದಾರಿಯಲ್ಲೇ ಮಡಿಸಿ ಸಾಗಿಸುವ ‘ಮೈಮ್’ ಪದ್ಧತಿಯನ್ನು ನಥಾನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ 1992ರಲ್ಲಿ ಪ್ರಕಟಿಸಿದರು. ಯುನಿಕೋಡಿನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ದೊರೆತಿತ್ತು. ಆದರೆ ಅದು ಮನೆಯ ಕಂಪ್ಯೂಟರಿಗೆ ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿ ಮತ್ತು ಅದರ ‘ತುಂಗಾ’ ಅಕ್ಷರವಿನ್ಯಾಸದೊಂದಿಗೆ. ಅದನ್ನೂ ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ, ವಿಂಡೋಸ್ ಸಿಡಿ ಹಾಕಿ ಎಬ್ಬಿಸಬೇಕಿತ್ತು.

ನಡುವಿನ ಕಾಲದಲ್ಲಿ ನಾವು ಬರೆದದ್ದು ಎರಡು ರೀತಿಯಲ್ಲಿ. ಕೆಲವರು ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆದರು. ಕನ್ನಡದ ಮೇಲೆ ಹೆಚ್ಚು ಮಮತೆಯುಳ್ಳವರು 1998ರಲ್ಲಿ ಬಂದ ‘ಬರಹ’, ಬಳಿಕ ಬಂದ ‘ನುಡಿ’, ಇಲ್ಲವೇ ಅಚ್ಚಿನ ಮನೆಗಳ ‘ಶ್ರೀಲಿಪಿ’, ‘ಆಕೃತಿ’ಗಳನ್ನು ಬಳಸಿ ಕನ್ನಡ ಲಿಪಿಯಲ್ಲೇ ಬರೆದರು. ಅಂದಿನ ಈ ಫಾಂಟುಗಳ ಗುಟ್ಟು ಇಷ್ಟೇ: ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದು. ಕಂಪ್ಯೂಟರಿನ ಲೆಕ್ಕದಲ್ಲಿ ಅದು ಕನ್ನಡವೇ ಅಲ್ಲ. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ‘ಕನ್ನಡ’ ಎಂಬ ಪದವೇ ಇಂಗ್ಲಿಷಿನ ‘ಪಿ’, ತಲೆಯ ಮೇಲೆ ಓರೆಗೆರೆಯುಳ್ಳ ‘ಎ’, ಪೌಂಡಿನ ಗುರುತು, ಮತ್ತೆ ಅದೇ ‘ಎ’ ಎಂಬಂಥ ಮಾಲೆಯಾಗಿ ಕಾಣುತ್ತದೆ.

ಇದರ ಪರಿಣಾಮ ಚೋದ್ಯವಾದದ್ದು. ಎರವಲು ಲಿಪಿಯಲ್ಲಿ ಬರೆದ ಪತ್ರಗಳು ಎಷ್ಟು ಯಂತ್ರ ಬದಲಿಸಿದರೂ ಒಂದಕ್ಷರ ಕೆಡದೆ ಉಳಿದವು. ಸ್ವಂತ ಲಿಪಿಯಲ್ಲಿ, ಶ್ರಮಪಟ್ಟು, ಅಭಿಮಾನದಿಂದ ಬರೆದ ಪತ್ರಗಳು ಓದಲಾಗದಂತಾದವು. ತೆರೆದು ನೋಡಿದ ಮಕ್ಕಳು ವೈರಸ್ ಬಡಿದ ಕಡತವೆಂದು ತಿಳಿದು ಅಳಿಸಿದರೆ ಅವರನ್ನು ದೂರುವಂತಿಲ್ಲ.

ಆದರೆ ಅವು ಸತ್ತಿಲ್ಲ. ಫಾಂಟಿನ ಸಂಕೇತದಿಂದ ಯುನಿಕೋಡಿಗೆ ತರುವ ಪರಿವರ್ತಕಗಳು ಇಂದು ಪುಕ್ಕಟೆಯಾಗಿ ಸಿಗುತ್ತವೆ. ಕೆಲಸ ಅಕ್ಷರಕ್ಕೆ ಅಕ್ಷರ ಬದಲಿಸಿದಷ್ಟು ಸರಳವಲ್ಲ. ‘ಸೂರ್ಯ’ ಎಂದು ಬರೆಯುವಾಗ ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಯಕಾರದ ನಂತರ ಕೂರುತ್ತದೆ. ಯುನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಂತೆ ರೇಫ ಮೊದಲು. ಒತ್ತಕ್ಷರ, ದೀರ್ಘ ಎಲ್ಲಕ್ಕೂ ಇಂಥ ಸ್ಥಾನಪಲ್ಲಟ ಬೇಕು. ಒಂದೊಂದು ಸಂಸ್ಥೆಯ ಫಾಂಟಿಗೆ ಒಂದೊಂದು ಸಂಕೇತಾವಳಿ ಇದ್ದದ್ದರಿಂದ ಪತ್ರವನ್ನು ಯಾವುದರಲ್ಲಿ ಬರೆದದ್ದೆಂದು ತಿಳಿದಿರಬೇಕು. ಪತ್ರವನ್ನು ತಪ್ಪು ಸಂಕೇತದಲ್ಲಿ ತೆರೆದು, ಪ್ರಶ್ನಾರ್ಥಕ ಚಿಹ್ನೆಗಳು ಕಂಡ ಸ್ಥಿತಿಯಲ್ಲೇ ಉಳಿಸಿಬಿಟ್ಟರೆ ಮಾತ್ರ ಮೂಲ ಅಳಿದುಹೋಗುತ್ತದೆ. ಹಾಗಾಗಿ ಮೊದಲು ಪ್ರತಿ, ಅನಂತರ ಪ್ರಯೋಗ.

ಮರಳಿ ತಂತಿಗೆ

ಪತ್ರ ಎಲ್ಲಿರಬೇಕು ಎಂಬ ಪ್ರಶ್ನೆಗೆ ಬೇರೆ ಉತ್ತರವನ್ನು 1986ರಷ್ಟು ಹಿಂದೆಯೇ ಒಬ್ಬರು ಕೊಟ್ಟಿದ್ದರು. ಸ್ಟ್ಯಾನ್‌ಫರ್ಡ್‌ನಲ್ಲಿದ್ದ ಮಾರ್ಕ್ ಕ್ರಿಸ್ಪಿನ್ ರೂಪಿಸಿದ ‘ಐಮ್ಯಾಪ್’ ಪದ್ಧತಿಯಲ್ಲಿ ಪತ್ರಗಳು ಸರ್ವರಿನಲ್ಲೇ ಇರುತ್ತವೆ; ಮನೆಯ ಯಂತ್ರ ಅವನ್ನು ನೋಡುವ ಕಿಟಕಿ ಮಾತ್ರ. ಕಿಟಕಿ ಒಡೆದರೆ ಪತ್ರ ಹೋಗುವುದಿಲ್ಲ. ಸರ್ವರಿನ ಜಾಗ ದುಬಾರಿಯಾಗಿದ್ದ ಕಾಲದಲ್ಲಿ ಇದು ವಿಶ್ವವಿದ್ಯಾಲಯಗಳಾಚೆ ಹೆಚ್ಚು ಹರಡಲಿಲ್ಲ. 2004ರ ಏಪ್ರಿಲ್ 1ರಂದು ಜಿಮೇಲ್ 1 ಗಿಗಾಬೈಟ್ ಜಾಗ ಕೊಡುವುದಾಗಿ ಹೇಳಿದಾಗ ಅನೇಕರು ಮೂರ್ಖರ ದಿನದ ತಮಾಷೆ ಎಂದುಕೊಂಡರು. ಹಾಟ್‌ಮೇಲ್ ಮೊದಲು ಕೊಟ್ಟದ್ದಕ್ಕೆ 500 ಪಟ್ಟು ಅದು. ಅಂದಿನಿಂದ ಅಳಿಸುವ ಅಭ್ಯಾಸ ತಪ್ಪಿತು. ಸೆಟ್ಟಿಂಗುಗಳ ಭಾರವೂ ಇಳಿಯಿತು: 2009ರ ಥಂಡರ್‌ಬರ್ಡಿನಲ್ಲಿ ಹೆಸರು, ವಿಳಾಸ, ಗುಪ್ತಪದ ಕೊಟ್ಟರೆ ಸಾಕು, ಉಳಿದ ವಿವರಗಳನ್ನು ತಂತ್ರಾಂಶವೇ ಹುಡುಕಿಕೊಳ್ಳುತ್ತಿತ್ತು. ಹೊಸ ಫೋನು ಕೊಂಡವರು ಇಂದು ಪತ್ರಗಳನ್ನು ಸಾಗಿಸುವ ಮಾತನ್ನೇ ಆಡುವುದಿಲ್ಲ.

ಹಾಗೆಂದು ಚರಿತ್ರೆ ಮುಗಿಯಿತೆನ್ನಲಾಗದು. ಈಗ ಟ್ರಂಕು ನಮ್ಮ ಅಟ್ಟದಲ್ಲಿಲ್ಲ; ಬೇರೆಯವರ ಉಗ್ರಾಣದಲ್ಲಿದೆ. ಖಾತೆಯ ಒಡೆಯರು ತೀರಿಕೊಂಡ ಮೇಲೆ ಗುಪ್ತಪದ ತಿಳಿಯದ ಮಕ್ಕಳು ಬಾಗಿಲಲ್ಲಿ ನಿಂತಿರುವುದನ್ನು ನಾವು ಕಾಣುತ್ತಿದ್ದೇವೆ. 2022ರಲ್ಲಿ ಗೂಗಲ್ ಬರಿಯ ಗುಪ್ತಪದದಿಂದ ಬರುವ ಹಳೆಯ ತಂತ್ರಾಂಶಗಳಿಗೆ ಬಾಗಿಲು ಮುಚ್ಚಿತು. ಸುರಕ್ಷತೆಯ ದೃಷ್ಟಿಯಿಂದ ಅದು ಸರಿ. ಆದರೆ ಹಳೆಯ ಯುಡೋರಾ, ಔಟ್‌ಲುಕ್ ಎಕ್ಸ್‌ಪ್ರೆಸ್‌ಗಳು ಇಂದು ತಮ್ಮೊಳಗಿರುವುದನ್ನು ತೋರಿಸಬಲ್ಲವೇ ಹೊರತು ಹೊಸದನ್ನು ತರಲಾರವು.

ಇದೇ ಚರಿತ್ರೆಯಲ್ಲಿ ಸಮಾಧಾನದ ಒಂದು ತಿರುವೂ ಇದೆ. ಜಿಮೇಲಿನ ಪತ್ರಗಳನ್ನೆಲ್ಲ ಒಟ್ಟಿಗೆ ಇಳಿಸಿಕೊಳ್ಳುವ ಸೌಕರ್ಯವನ್ನು ಗೂಗಲ್ 2013ರ ಡಿಸೆಂಬರಿನಲ್ಲಿ ಕೊಟ್ಟಿತು. ಹಾಗೆ ಇಳಿಸಿಕೊಂಡಾಗ ನಮ್ಮ ಕೈಗೆ ಬರುವುದು ಯಾವ ರೂಪದ ಕಡತ? ಎಂಬಾಕ್ಸ್. ಅರ್ಧ ಶತಮಾನದ ಹಿಂದೆ ಯುನಿಕ್ಸ್ ಯಂತ್ರದಲ್ಲಿ ಪತ್ರಗಳನ್ನು ಪೋಣಿಸಿದ ಅದೇ ತಂತಿ. ನಡುವೆ ಬಂದ ಜಾಣ ರೂಪಗಳು ಒಂದೊಂದಾಗಿ ಹಿಂದೆ ಸರಿದವು. ಯಾರು ಬೇಕಾದರೂ ತೆರೆದು ಓದಬಹುದಾದ ಸರಳ ರೂಪ ನಿಂತಿತು.

ಉಳಿದ ಕೆಲಸ

ನಮ್ಮ ಭಾಷೆಯಲ್ಲಿ ಗ್ರಂಥಗಳು ಉಳಿದದ್ದು ಓಲೆಗರಿ ಗಟ್ಟಿಯಾಗಿದ್ದುದರಿಂದಲ್ಲ. ಗರಿ ಜೀರ್ಣವಾಗುವ ಮೊದಲು ಯಾರೋ ಕುಳಿತು ಪ್ರತಿ ಮಾಡಿದ್ದರಿಂದ. ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿದಳೆಂದು ಅತ್ತಿಮಬ್ಬೆಯನ್ನು ಇಂದಿಗೂ ನೆನೆಯುತ್ತೇವೆ. ಮನೆಯ ಪತ್ರಗಳಿಗೆ ಒಂದೆರಡು ಪ್ರತಿ ಸಾಕು.

ಬಹಳ ಮನೆಗಳ ಅಟ್ಟದಲ್ಲಿ ಹಳೆಯ ಕಂಪ್ಯೂಟರಿನ ಪೆಟ್ಟಿಗೆ ಇನ್ನೂ ಇದೆ. ಗುಜರಿಗೆ ಹಾಕುವ ಮೊದಲು ಅದರ ಹಾರ್ಡ್ ಡಿಸ್ಕನ್ನು ಬಿಚ್ಚಿಸಿ ಇಟ್ಟುಕೊಳ್ಳಬೇಕು. ಹಳೆಯ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಕೊಂಡಿಗಳು ಲ್ಯಾಮಿಂಗ್ಟನ್ ರಸ್ತೆಯಲ್ಲೂ ನೆಹರೂ ಪ್ಲೇಸಿನಲ್ಲೂ ರಿಚಿ ಸ್ಟ್ರೀಟಿನಲ್ಲೂ ಸಿಗುತ್ತವೆ. ಜೋಡಿಸಿ, ಅಡಗಿರುವ ಕೋಶಗಳೂ ಕಾಣುವಂತೆ ಮಾಡಿಕೊಂಡು, ಡಿಬಿಎಕ್ಸ್, ಪಿಎಸ್‌ಟಿ, ಎಂಬಿಎಕ್ಸ್ ಎಂದು ಕೊನೆಯಾಗುವ ಕಡತಗಳನ್ನು ಹುಡುಕಿ ನೋಡಬೇಕು. ನೆಟ್‌ಸ್ಕೇಪಿನ ಪತ್ರಕೋಶಗಳ ಹೆಸರಿಗೆ ಇಂಥ ಬಾಲವಿರುವುದಿಲ್ಲ. ಅವು ‘ಮೇಲ್’ ಎಂಬ ಕೋಶದಲ್ಲಿರುತ್ತವೆ. ಯುಡೋರಾ ಬಳಸಿದವರು ಲಗತ್ತುಗಳ ಕೋಶವನ್ನೂ ಮರೆಯದೆ ತೆಗೆದುಕೊಳ್ಳಬೇಕು. ಸಿಕ್ಕಿದ್ದನ್ನು ಮುಟ್ಟದೆ ಒಂದು ಪ್ರತಿ ಬೇರೆಡೆ ಇಟ್ಟು, ಇನ್ನೊಂದು ಪ್ರತಿಯನ್ನು ಎಂಬಾಕ್ಸ್‌ಗೆ ಪರಿವರ್ತಿಸಬೇಕು. ಓದಲಾಗದ ಅಕ್ಷರ ಕಂಡರೆ ಅಳಿಸಬಾರದು; ಅದು ಬಹುಶಃ ಕನ್ನಡ.

ಇದನ್ನೆಲ್ಲ ಮಾಡಲು ಒಂದು ಭಾನುವಾರ ಸಾಕಾಗಬಹುದು, ಎರಡೂ ಆಗಬಹುದು. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಒಳ್ಳೆಯದು. ಆ ಪತ್ರವನ್ನು ‘ಬರಹ’ದಲ್ಲಿ ಬರೆದದ್ದೋ ‘ಶ್ರೀಲಿಪಿ’ಯಲ್ಲೋ, 1999ರಲ್ಲಿ ಬರೆದ ‘ರಾಜು’ ಯಾವ ರಾಜು ಎಂದು ಹೇಳಬಲ್ಲವರು ಅವರೇ. ಡಿಸ್ಕು ಇನ್ನೂ ಕೆಲವು ವರ್ಷ ಕಾಯಬಹುದು. ಆ ನೆನಪು ಅಷ್ಟು ಕಾಯುವುದೆಂಬ ಭರವಸೆ ನಮಗಿಲ್ಲ.